ಮೂವತ್ತೊಂದನೇ ಪ್ರಶ್ನೆ

ಕಲಬುರಗಿಯಲ್ಲಿ ಅತಿ ಹೆಚ್ಚು ಜನರ ಅಭಿಪ್ರಾಯ ಕೇಳಿದವರು ಯಾರು ಎಂದು ಯಾರಾದರೂ ಹುಡುಕಿಕೊಂಡು ಹೊರಟರೆ ಕೋಟನೂರಿನ ವಿದ್ಯಾವತಿಯ ಮನೆಯ ಬಾಗಿಲಿಗೆ ಬಂದು ನಿಲ್ಲಬೇಕಾಗುತ್ತದೆ. ಹನ್ನೊಂದು ವರ್ಷದಿಂದ ಆಕೆ ಸರ್ವೆ ಕೆಲಸ ಮಾಡುತ್ತಿದ್ದಾಳೆ. ಮೊದಮೊದಲು ಸಾಬೂನು, ಹಲ್ಲಿನ ಪೇಸ್ಟು, ಡಿಶ್ ಆಂಟೆನಾ. ಆಮೇಲೆ ಪಕ್ಷಗಳು, ನಾಯಕರು. ಕೇಳುವ ರೀತಿ ಒಂದೇ: ಈಗ ಯಾವುದು ಬಳಸುತ್ತೀರಿ, ತೃಪ್ತಿ ಇದೆಯೇ, ಮುಂದೆಯೂ ಇದನ್ನೇ ಬಳಸುತ್ತೀರಾ. ಒಂಬತ್ತು ಸಾವಿರಕ್ಕೂ ಹೆಚ್ಚು ಮನೆಗಳ ಕಟ್ಟೆ ಹತ್ತಿ ಇಳಿದಿದ್ದಾಳೆ. ಆಕೆಯ ಅಭಿಪ್ರಾಯವನ್ನು ಮಾತ್ರ ಇಲ್ಲಿಯವರೆಗೆ ಯಾರೂ ಕೇಳಿಲ್ಲ. ಗಂಡ ವಿವೇಕಾನಂದನೂ ಕೇಳಿಲ್ಲ. ತನ್ನ ಅಭಿಪ್ರಾಯವೇ ಹೆಂಡತಿಯದೂ ಎಂದು ಆತ ಮದುವೆಯಾದ ವರ್ಷವೇ ತೀರ್ಮಾನ ಮಾಡಿ ಮುಗಿಸಿದ್ದ.

ಪಕ್ಷಗಳ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅರ್ಧ ಓದುಗರು ಇಲ್ಲಿಗೇ ಓದು ನಿಲ್ಲಿಸುತ್ತಾರೆ, ಉಳಿದರ್ಧ ಬರೆದವರು ಯಾರ ಪೈಕಿ ಎಂದು ವಿಚಾರಿಸಲು ಹೊರಡುತ್ತಾರೆ. ವಿದ್ಯಾವತಿಯ ಕೈಯಲ್ಲಿರುವ ಟ್ಯಾಬಿನಲ್ಲಿ ಅವಕ್ಕೆ ನಂಬರುಗಳಿವೆ. ಒಂದನೇ ನಂಬರಿನ ಪಕ್ಷ, ಎರಡನೇ ನಂಬರಿನ ಪಕ್ಷ. ನಮಗೆ ಅಷ್ಟು ಸಾಕು.

ಕೆಲಸ ಕೇಳಲು ಸುಲಭ, ಮಾಡಲು ಹಾಗಿಲ್ಲ. ಪ್ರಶ್ನೆಗಳನ್ನು ದಿಲ್ಲಿಯಲ್ಲಿ ಯಾರೋ ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಇನ್ಯಾರೋ ಕನ್ನಡಕ್ಕೆ ತರುತ್ತಾರೆ. ಆ ಕನ್ನಡವನ್ನು ಒಂದಕ್ಷರ ಬಿಡದೆ ಓದಬೇಕು ಎಂಬುದು ನಿಯಮ. ಓದುವಾಗ ಟ್ಯಾಬು ತನ್ನಷ್ಟಕ್ಕೆ ತಾನು ಎಲ್ಲವನ್ನೂ ರೆಕಾರ್ಡ್ ಮಾಡಿಕೊಳ್ಳುತ್ತಿರುತ್ತದೆ. 'ದೇಶದ ಪ್ರಸ್ತುತ ರಾಜಕೀಯ ವಾತಾವರಣವನ್ನು ತಾವು ಹೇಗೆ ಪರಿಗಣಿಸುತ್ತೀರಿ' ಎಂದು ಓದಿದರೆ ಎದುರಿಗಿನ ಹೆಂಗಸು ಮೊದಲು ಮೇಲೆ ನೋಡುತ್ತಾಳೆ, ಮೋಡ ಇದೆಯೋ ಎಂದು. ಆಮೇಲೆ ಒಳಗೆ ಹೋಗಿ ಗಂಡನನ್ನು ಕರೆತರುತ್ತಾಳೆ.

ಮನೆಯಲ್ಲಿ ಯಾರನ್ನು ಕೇಳಬೇಕು ಎನ್ನುವುದಕ್ಕೂ ದಿಲ್ಲಿಯವರು ಒಂದು ಉಪಾಯ ಮಾಡಿದ್ದಾರೆ. ಯಾರ ಹುಟ್ಟಿದ ದಿನ ಎಲ್ಲರಿಗಿಂತ ಮೊದಲು ಬರುತ್ತದೋ ಅವರನ್ನು ಕೇಳಬೇಕು. ಆದರೆ ಈ ಭಾಗದಲ್ಲಿ ನಲವತ್ತು ದಾಟಿದವರೆಲ್ಲ ಜೂನ್ ಒಂದರಂದೇ ಹುಟ್ಟಿದವರು. ಸಾಲಿಗೆ ಹೆಸರು ಹಚ್ಚಲು ಹೋದಾಗ ಹೆಡ್‌ಮಾಸ್ತರರು ಕೂಸಿನ ಎತ್ತರ ನೋಡಿ ವರ್ಷ ಬರೆದರು, ತಿಂಗಳು ತಾರೀಖು ತಮ್ಮ ಅನುಕೂಲ ನೋಡಿ ಬರೆದರು. ಒಂದು ಮನೆಯಲ್ಲಿ ಗಂಡ, ಹೆಂಡತಿ, ಮೈದುನ, ಮೈದುನನ ಹೆಂಡತಿ ನಾಲ್ವರೂ ಜೂನ್ ಒಂದು ಎಂದಾಗ ಟ್ಯಾಬು ಸ್ವಲ್ಪ ಹೊತ್ತು ಸುಮ್ಮನಾಗಿ, ಎಲ್ಲರಿಗಿಂತ ಹಿರಿಯರನ್ನು ಕೇಳಿ ಎಂದು ತೋರಿಸಿತು. ಅಂದಿನಿಂದ ವಿದ್ಯಾವತಿ ಮನೆಯ ಹಿರಿಯರಿಗೇ ನೇರವಾಗಿ ನಮಸ್ಕಾರ ಮಾಡುತ್ತಾಳೆ.

ಮೊದಲೆಲ್ಲ ಜನ ಖುಷಿಯಿಂದ ಹೇಳುತ್ತಿದ್ದರು. ಚಹಾ ಕೊಟ್ಟು, ಯಾವೂರು, ಯಾರ ಪೈಕಿ ಎಂದು ಕೇಳಿ, ತಮ್ಮ ಪಕ್ಷದ್ದೂ ಹೇಳಿ, ಪಕ್ಕದ ಮನೆಯವರ ಪಕ್ಷದ್ದೂ ಹೇಳಿ ಕಳಿಸುತ್ತಿದ್ದರು. ಈಚೆಗೆ ಹಾಗಿಲ್ಲ. ಬಾಗಿಲು ತೆರೆದವರು ಮೊದಲು ಆಕೆಯ ಹಣೆ ನೋಡುತ್ತಾರೆ, ಆಮೇಲೆ ಚೀಲ ನೋಡುತ್ತಾರೆ, ಯಾವ ಬಣ್ಣ ಎಂದು. ಜಗತ್ ಸರ್ಕಲ್ಲಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಚಹಾದಂಗಡಿಗಳಿವೆ. ಒಂದರ ಟಿ.ವಿ.ಯಲ್ಲಿ ಒಂದು ಚಾನೆಲ್ಲು, ಇನ್ನೊಂದರಲ್ಲಿ ಇನ್ನೊಂದು. ಇಲ್ಲಿ ಕುಡಿಯುವವರು ಅಲ್ಲಿ ಕುಡಿಯುವುದಿಲ್ಲ. ಎರಡಕ್ಕೂ ಹಾಲು ಹಾಕುವವನು ತಾಜಸುಲ್ತಾನಪುರದ ಧರ್ಮರಾಜ. ಒಮ್ಮೆ ಸರ್ವೆಯಲ್ಲಿ ಅವನ ಸರದಿ ಬಂತು. ಮೊದಲ ಅಂಗಡಿಯ ಮುಂದೆ ಒಂದನೇ ನಂಬರು ಎಂದ. ಹಾಲಿನ ಕ್ಯಾನು ಎತ್ತಿಕೊಂಡು ಎರಡನೆಯ ಅಂಗಡಿಗೆ ಹೋಗುವಷ್ಟರಲ್ಲಿ ಎರಡನೇ ನಂಬರಿಗೆ ಬಂದಿದ್ದ.

"ಒಂದೇ ಹೇಳಬೇಕ್ರೀ ಧರ್ಮರಾಜ," ಎಂದಳು ವಿದ್ಯಾವತಿ.

"ಅಕ್ಕಾರ, ಇಲ್ಲಿ ಹತ್ತು ಲೀಟರ್ ಹಾಕ್ತೇನಿ, ಅಲ್ಲಿ ಹತ್ತು ಲೀಟರ್ ಹಾಕ್ತೇನಿ. ನೀವೇ ಹೇಳ್ರಿ, ಯಾವುದ ಬಿಡ್ಲಿ?"

ಆಕೆ ತೊಂಬತ್ತೆಂಟು ಒತ್ತಿದಳು. ತೊಂಬತ್ತೆಂಟು ಎಂದರೆ 'ಹೇಳಲಾರೆ'. ಆ ವರ್ಷ ಕಲಬುರಗಿಯ ಅರ್ಧ ಊರು ತೊಂಬತ್ತೆಂಟಾಗಿತ್ತು.

ಊರ ಕಥೆ ಹೀಗಿರುವಾಗ ಆಕೆಯ ಮನೆಯ ಕಥೆ ಬೇರೆ ಇರಲು ಸಾಧ್ಯವಿರಲಿಲ್ಲ. ವಿವೇಕಾನಂದ ಗಂಜಿನ, ಅಂದರೆ ಕಾಳುಪೇಟೆಯ, ಒಂದು ದಾಲ್ ಮಿಲ್ಲಿನಲ್ಲಿ ಮ್ಯಾನೇಜರು, ಒಂದನೇ ನಂಬರಿನವನು. ಆಕೆಯ ಅಣ್ಣ ಜಗದೇವಪ್ಪ ಕಮಲಾಪುರದಲ್ಲಿ ಎಂಟೆಕರೆ ಜಮೀನು, ಅಂಚಿಗಿಷ್ಟು ಕೆಂಪು ಬಾಳೆ ಇಟ್ಟುಕೊಂಡವನು, ಎರಡನೇ ನಂಬರಿನವನು. ಇಬ್ಬರೂ ಒಳ್ಳೆಯವರೇ. ಇಬ್ಬರಿಗೂ ಬಿ.ಪಿ. ಇತ್ತು, ಒಂದೇ ಡಾಕ್ಟರ ಹತ್ತಿರ ತೋರಿಸುತ್ತಿದ್ದರು, ಒಂದೇ ಗುಳಿಗೆ ನುಂಗುತ್ತಿದ್ದರು.

ಐದು ವರ್ಷದ ಹಿಂದಿನ ಎಳ್ಳಮಾಸಿ. ನಮ್ಮ ಕಡೆಯ ಎಳ್ಳ ಅಮಾವಾಸ್ಯೆ ಗೊತ್ತಿಲ್ಲದವರಿಗೆ ಒಂದು ಮಾತು: ಅವತ್ತು ಕಲಬುರಗಿಯಲ್ಲಿ ಕಚೇರಿಗಳ ಕುರ್ಚಿ ಖಾಲಿ, ಅಂಗಡಿಗಳ ಬಾಗಿಲು ಅರ್ಧ. ಎಲ್ಲರೂ ಹೊಲದಲ್ಲಿರುತ್ತಾರೆ. ಹಸಿ ತೊಗರಿ, ಹಸಿ ಕಡಲೆ, ಸಿಕ್ಕ ಸೊಪ್ಪು, ಸಿಕ್ಕ ತರಕಾರಿ ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಬುಟ್ಟಿಯಲ್ಲಿಟ್ಟುಕೊಂಡು ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಹೊಲದ ಸುತ್ತ ಅಡಿಗೆಯದೇ ಒಂದಿಷ್ಟು ಚರಗ ಎಂದು ಚೆಲ್ಲಿ, ಅಲ್ಲೇ ಕುಳಿತು ಉಣ್ಣುತ್ತಾರೆ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆಯುತ್ತಾರೆ. ದಾರಿಯಲ್ಲಿ ಹೋಗುವ ಗುರುತಿಲ್ಲದವರನ್ನೂ ಕೂಗಿ ಕರೆಯುತ್ತಾರೆ.

ಅಂದು ಜಗದೇವಪ್ಪನ ಹೊಲದ ಬೇವಿನ ಗಿಡದ ಕೆಳಗೆ ಕಂಬಳಿ ಹಾಸಿತ್ತು. ಅವ್ವ ಬಗ್ಗಿ ಬಗ್ಗಿ ಎಲ್ಲರ ಊಟದ ಗಂಗಾಳಕ್ಕೂ ನೀಡುತ್ತಿದ್ದಳು. ಎಂಬತ್ತರ ಹತ್ತಿರದ ಜೀವ, ಬೇರೆ ಯಾರ ಕೈಗೂ ಸೌಟು ಕೊಟ್ಟಿರಲಿಲ್ಲ. ವಿವೇಕಾನಂದ ಎರಡನೇ ನಂಬರಿನ ನಾಯಕರ ಬಗ್ಗೆ ಒಂದು ಮಾತು ಆಡಿದ. ಜಗದೇವಪ್ಪ ಒಂದನೇ ನಂಬರಿನ ನಾಯಕರ ಬಗ್ಗೆ ಎರಡು ಮಾತು ಆಡಿದ. ಆ ಇಬ್ಬರು ನಾಯಕರೂ ಆ ಹೊತ್ತಿಗೆ ಎಲ್ಲೋ ದೂರದಲ್ಲಿ ಸಮಾಧಾನವಾಗಿ ಉಂಡು ಕೈ ತೊಳೆದುಕೊಂಡಿರಬೇಕು.

"ಮಾಮಾರ, ನಿಮ್ಮಂಥಾ ಮಂದಿಯಿಂದನೇ ದೇಶ ಹಾಳಾಗ್ಯಾದ."

"ಅಳಿಯಂದ್ರ, ದೇಶ ಆಮ್ಯಾಲ ಉಳಸ್ರಿ. ಮೊದ್ಲು ನಿಮ್ಮ ಮಿಲ್ಲಿನಾಗ ರೈತರ ತೊಗರಿ ಖರೇ ತೂಗ್ರಿ."

ವಿವೇಕಾನಂದ ಎದ್ದ. ಮೋಟಾರ್ ಸೈಕಲ್ಲಿಗೆ ಕಿಕ್ ಹೊಡೆದ. ಆಕೆಯೂ ಕೈ ಒರೆಸಿಕೊಂಡು ಹಿಂದೆ ಹೋದಳು. ಗಂಡ ಎದ್ದರೆ ಹೆಂಡತಿ ಏಳಬೇಕು ಎಂದು ಯಾರೂ ಆಕೆಗೆ ಹೇಳಿಕೊಟ್ಟಿರಲಿಲ್ಲ, ಆದರೂ ಎದ್ದಳು. ಆ ದಿನ ಬಸ್ಸು ಕಡಿಮೆ, ಹಿಂದೆ ಉಳಿದರೆ ಮನೆ ಮುಟ್ಟುವುದು ಕಷ್ಟವಿತ್ತು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು.

ಮೂರು ತಿಂಗಳಿಗೆ ಅವ್ವ ಹೋದಳು. ಅದೇ ಹೊಲದಲ್ಲಿ, ಅದೇ ಬೇವಿನ ಗಿಡದ ಪಕ್ಕ ಮಣ್ಣು ಮಾಡಿದರು. ವಿವೇಕಾನಂದ ಬಂದ, ದೂರ ನಿಂತ, ಹೋದ. ಅಲ್ಲಿಂದ ಮುಂದೆ ಎರಡೂ ಮನೆಯ ಮಧ್ಯೆ ಮಾತು ನಿಂತಿತು, ಫೋನು ನಿಂತಿತು, ಎಳ್ಳಮಾಸಿಯ ಕರೆಯೂ ನಿಂತಿತು. ತವರಿನ ಹೊಲಕ್ಕೆ ಕರೆಯದೇ ಹೋದ ಹೆಣ್ಣುಮಗಳನ್ನು ಊರು ಒಂದೇ ರೀತಿ ನೋಡುತ್ತದೆ: ಪಾಲು ಕೇಳಲು ಬಂದಳು. ಹಾಗಾಗಿ ವಿದ್ಯಾವತಿ ಹೋಗಲಿಲ್ಲ. ಪ್ರತಿವರ್ಷ ಕೋಟನೂರಿನ ಮನೆಯಲ್ಲಿ ಗ್ಯಾಸಿನ ಮೇಲೆ ಭಜ್ಜಿ ಕುದಿಸಿದಳು. ಪ್ರತಿವರ್ಷ ವಿವೇಕಾನಂದ ಒಂದು ತುತ್ತು ತಿಂದು, "ಹೊಲದಾಗಿನ ರುಚಿ ಬರಂಗಿಲ್ಲ ಬಿಡು" ಎಂದು ಹೇಳಿ, ಹೇಳಿದ ಮೇಲೆ ಏನು ಹೇಳಿದೆನೆಂದು ನೆನಪಾಗಿ ಟಿ.ವಿ. ದನಿ ಜೋರು ಮಾಡಿದ. ಆಕೆಗೆ ಪಾಲು ಬೇಕಿರಲಿಲ್ಲ. ಅವ್ವನ ಸಮಾಧಿಯ ಹತ್ತಿರ ವರ್ಷಕ್ಕೊಂದು ಸಲ ಕುಳಿತು ಒಂದು ರೊಟ್ಟಿ ತಿನ್ನಬೇಕಿತ್ತು. ಅದನ್ನು ಬಾಯಿ ಬಿಟ್ಟು ಹೇಳಲಾರದೆ ಐದು ವರ್ಷ ಒಳಗೇ ಬೆಂದಳು.

ಈ ವರ್ಷ ಎಳ್ಳಮಾಸಿಗೆ ಎಂಟು ದಿನ ಇರುವಾಗ ಹುಬ್ಬಳ್ಳಿಯಿಂದ ಸೂಪರ್‌ವೈಸರ್ ಯಶವಂತನ ಫೋನು ಬಂತು. ಹೊಸ ಸರ್ವೆ. ದೇಶದಲ್ಲಿ ಜನ ಪಕ್ಷಗಳ ಮೇಲೆ ಎಷ್ಟು ಒಡೆದುಹೋಗಿದ್ದಾರೆ ಎಂದು ಅಳೆಯುವುದು.

"ಮೇಡಂ, ನಿಮಗೆ ಕಮಲಾಪುರ ಬಂದಿದೆ. ಅಲ್ಲಿ ನಿಮಗೆ ಸಂಬಂಧಿಕರು ಇಲ್ಲ ತಾನೆ? ಇದ್ದರೆ ಬೇರೆಯವರಿಗೆ ಕೊಡ್ತೀನಿ."

"ಇಲ್ರಿ ಸರ್," ಎಂದಳು ವಿದ್ಯಾವತಿ. ಹನ್ನೊಂದು ವರ್ಷದಲ್ಲಿ ಆಕೆ ಹೇಳಿದ ಮೊದಲ ಸುಳ್ಳು ಅದು. ಚೆನ್ನಾಗಿಯೇ ಬಂತು.

ಸಂಜೆ ಗಂಡನಿಗೆ ಹೇಳಿದಳು, ನಾಳೆ ಕಮಲಾಪುರಕ್ಕೆ ಹೋಗಬೇಕು, ಡ್ಯೂಟಿ. ವಿವೇಕಾನಂದ ರಿಮೋಟು ಎತ್ತಿ ಟಿ.ವಿ.ಯ ಬಾಯಿ ಮುಚ್ಚಿಸಿದ. ಒಂದನೇ ನಂಬರಿನ ನಾಯಕರು ಭಾಷಣ ಮಾಡುತ್ತಿದ್ದರು, ಅವರ ಕೈ ಮಾತ್ರ ಆಡುತ್ತಿತ್ತು.

"ಯಾವ ಓಣಿ?" ಎಂದು ಕೇಳಿದ.

"ಟ್ಯಾಬು ತೋರಿಸಿದ್ದು."

"ಹ್ಞೂಂ," ಎಂದ. ಬಹಳ ಹೊತ್ತಿನ ತನಕ ದನಿ ವಾಪಸು ಹಾಕಲಿಲ್ಲ.

ಕಮಲಾಪುರದಲ್ಲಿ ಬಸ್ಸು ಇಳಿದಾಗ ಬೆಳಗಿನ ಹತ್ತು. ಹನುಮಪ್ಪನ ಗುಡಿಯಿಂದ ಶುರು ಮಾಡಿ, ಬಲಗೈ ಬದಿ ಹಿಡಿದು ಹೋಗಿ, ಪ್ರತಿ ಐದನೇ ಮನೆಯನ್ನು ಕೇಳಬೇಕು. ಮನೆಗೆ ಬೀಗ ಇದ್ದರೆ ಅದರ ಮುಂದಿನ ಮನೆ. ಸಂಬಂಧಿಕರ ಮನೆಯಾದರೆ ಬಿಟ್ಟು ಮುಂದೆ ಹೋಗಬೇಕು. ಎರಡು ದಿನದಲ್ಲಿ ಹತ್ತೊಂಬತ್ತು ಮನೆ ಮುಗಿಸಿದಳು. ಕೊನೆಯದು, ಇಪ್ಪತ್ತನೆಯದು, ಎಣಿಸುತ್ತ ಹೋದಂತೆ ಬುರ್ಹಾನುದ್ದೀನ್ ಅವರ ಮನೆಯ ಮೇಲೆ ಬಂದು ನಿಂತಿತು. ಅಣ್ಣನ ಮನೆಗೂ ಅದಕ್ಕೂ ಒಂದೇ ಗೋಡೆ. ಬಾಗಿಲಿಗೆ ಬೀಗ ತೂಗುತ್ತಿತ್ತು. ಅದು ಹಾಕಿದ ಬೀಗವೋ ಸುಮ್ಮನೆ ಸಿಕ್ಕಿಸಿದ ಬೀಗವೋ, ಎಳೆದು ನೋಡಬಹುದಿತ್ತು. ಒಳಗಿನಿಂದ ಯಾರೋ ಕೆಮ್ಮಿದಂತೆಯೂ ಆಯಿತು. ವಿದ್ಯಾವತಿ ಟ್ಯಾಬಿನಲ್ಲಿ 'ಮನೆಗೆ ಬೀಗ' ಎಂದು ಒತ್ತಿ ಮುಂದಿನ ಬಾಗಿಲಿಗೆ ಬಂದಳು.

ಅಣ್ಣನ ಹೆಂಡತಿ, ವೈನಿ ಶಿವಕಾಂತಮ್ಮ ಬಾಗಿಲು ತೆರೆದು, ಬಾಯಿಗೆ ಕೈ ಹಚ್ಚಿಕೊಂಡು ನಿಂತುಬಿಟ್ಟಳು. ಪಡಸಾಲೆಯಲ್ಲಿ ಜಗದೇವಪ್ಪ ತೊಗರಿಯ ಚೀಲಕ್ಕೆ ಬಾಯಿ ಹೊಲಿಯುತ್ತಿದ್ದ. ತಲೆ ಎತ್ತಿ ನೋಡಿದ. ತಂಗಿಯ ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು. ಟ್ಯಾಬಿನ ಮೂಲೆಯಲ್ಲಿ ಕೆಂಪು ಚುಕ್ಕಿ ಹೊತ್ತಿಕೊಂಡಿತು. ರೆಕಾರ್ಡಿಂಗ್ ಶುರುವಾಗಿತ್ತು.

"ನಮಸ್ಕಾರ," ಎಂದು ವಿದ್ಯಾವತಿ ಓದಿದಳು. "ನನ್ನ ಹೆಸರು ವಿದ್ಯಾವತಿ. ನಾನು ಒಂದು ಸಂಶೋಧನಾ ಸಂಸ್ಥೆಯಿಂದ ಬಂದಿದ್ದೇನೆ. ತಾವು ನೀಡುವ ಉತ್ತರಗಳನ್ನು ಗೌಪ್ಯವಾಗಿ ಇಡಲಾಗುವುದು."

ಜಗದೇವಪ್ಪ ದಬ್ಬಣ ಕೆಳಗಿಟ್ಟ.

"ಶಿವಕಾಂತಾ," ಎಂದ, "ಯಾರೋ ವಿದ್ಯಾವತಿ ಅಂತ ಬಂದಾರ. ಕುಡ್ಯಾಕ ನೀರ ಕೊಡು."

ನೀರು ಬಂತು, ಜೊತೆಗೆ ಬೆಲ್ಲ ಬಂತು. ಪರವೂರಿನವರಿಗೆ ಕೊಡುವ ಹಾಗೆ ತಾಟಿನಲ್ಲಿ ಬಂತು. ಆಕೆ ಕುಡಿದು ಓದಿದಳು. ಈ ಮನೆಯಲ್ಲಿ ಯಾರ ಜನ್ಮದಿನ ಎಲ್ಲರಿಗಿಂತ ಮೊದಲು ಬರುತ್ತದೆ? ಎಲ್ಲರದೂ ಜೂನ್ ಒಂದು. ಹಾಗಾದರೆ ಹಿರಿಯರು ಯಾರು? ನಾನೇ. ತಮ್ಮ ವಯಸ್ಸು?

"ನೀ ಹುಟ್ಟಿದಾಗ ನಾ ಆರ ವರ್ಷದಾಂವ ಇದ್ದೆ. ತೊಟ್ಟಿಲಾ ತೂಗೀನಿ. ಎಷ್ಟಾತು ನೀನೇ ಕೂಡಸ್ಕೊ."

ಆಕೆ ಐವತ್ತೆರಡು ಎಂದು ಒತ್ತಿದಳು.

ಪ್ರಶ್ನೆಗಳು ನಡೆದವು. ಯಾವ ಪಕ್ಷ ಎಂದು ಕೇಳಿದಾಗ ಜಗದೇವಪ್ಪ ಎರಡನೇ ನಂಬರು ಎಂದ, ಗೋಡೆಯಾಚೆಗೂ ಕೇಳುವಷ್ಟು ಗಟ್ಟಿಯಾಗಿ. ಒಂದನೇ ನಂಬರಿನ ನಾಯಕರ ಬಗ್ಗೆ ಅಭಿಪ್ರಾಯ ಕೇಳಿದಾಗ ಹೇಳಿದ್ದನ್ನು ಟ್ಯಾಬು ಬರೆದುಕೊಂಡಿತು, ನಾವು ಬರೆಯುವಂತಿಲ್ಲ. ಎರಡನೇ ನಂಬರಿನ ನಾಯಕರ ಬಗ್ಗೆ ಕೇಳಿದಾಗ ಸ್ವಲ್ಪ ಯೋಚಿಸಿ, "ಅಂವನೂ ಅಷ್ಟೇನು ಶಾಣ್ಯಾ ಅಲ್ಲ, ಆದ್ರ ನಮ್ಮಾಂವ" ಎಂದ. ಹೀಗೆ ಮೂವತ್ತೊಂದನೇ ಪ್ರಶ್ನೆಗೆ ಬಂದರು.

ವಿದ್ಯಾವತಿಗೆ ಆ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಹತ್ತೊಂಬತ್ತು ಮನೆಯಲ್ಲಿ ಓದಿದ್ದಳು. ಆದರೂ ಈ ಸಲ ಟ್ಯಾಬಿನಿಂದ ಕಣ್ಣು ಎತ್ತದೆ ಓದಿದಳು.

"ತಾವು ಬೆಂಬಲಿಸದ ಪಕ್ಷದ ಬೆಂಬಲಿಗರ ಮನೆಯಲ್ಲಿ ಊಟ ಮಾಡಲು ತಮಗೆ ಎಷ್ಟರಮಟ್ಟಿಗೆ ಸಮ್ಮತವಿದೆ? ಸಂಪೂರ್ಣ ಸಮ್ಮತ, ಸ್ವಲ್ಪ ಸಮ್ಮತ, ಸಮ್ಮತವಿಲ್ಲ, ಹೇಳಲಾರೆ."

"ಉಣ್ಣಂಗಿಲ್ಲ. ಬರ್ಕೊ."

ಆಕೆ ಬರೆದುಕೊಂಡಳು.

"ಅಂತಹ ಬೆಂಬಲಿಗರು ತಮ್ಮ ಮನೆಗೆ ಊಟಕ್ಕೆ ಬಂದರೆ?"

"ಮನೀದು ಕೇಳಬ್ಯಾಡ, ಹೊಲದ್ದು ಕೇಳು."

"ಹೊಲದ್ದು ಇದರಾಗ ಇಲ್ಲಣ್ಣಾ," ಎಂದುಬಿಟ್ಟಳು ವಿದ್ಯಾವತಿ. ಅಣ್ಣ ಎಂಬುದೂ ರೆಕಾರ್ಡಾಯಿತು.

"ಯಾರ್ ಬರ್ದಾರ ಇದನ್ನ?"

"ದಿಲ್ಲಿಯವ್ರು."

"ಅವರಿಗಿ ಎಳ್ಳಮಾಸಿ ಗೊತ್ತಿಲ್ಲೇನು? ಎಳ್ಳಮಾಸಿ ದಿನ ಹೊಲದಾಗ ಯಾರ ಬಂದ್ರೂ ಉಣಸ್ತೀವಿ ನಾವು. ಪಾರ್ಟಿ ಕೇಳಿ ಯಾರಿಗೂ ನೀಡಿಲ್ಲ. ಹಾದ್ಯಾಗ ಹೋಗೋ ಲಾರಿಯವ್ರನ್ನೂ ಕರೀತೀವಿ."

"ಲಾರಿಯವ್ರನ್ನ ಕರೀತಿ. ಐದ ವರ್ಷ ಆತು, ನನ್ನ ಕರ್ದಿಯೇನು?"

ಇದು ಪ್ರಶ್ನಾವಳಿಯಲ್ಲಿ ಇರಲಿಲ್ಲ. ಒಳಗೆ ಶಿವಕಾಂತಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

ಜಗದೇವಪ್ಪ ದಬ್ಬಣ ಎತ್ತಿಕೊಂಡ, ಮತ್ತೆ ಇಟ್ಟ.

"ನಿನ್ನ ಗಂಡ ಅಂದ ಮಾತಿಗಿ ನಾ ಸಿಟ್ಟಾಗಿಲ್ಲ ವಿದ್ಯಾ. ನಾನೂ ಅಂದೀನಿ, ಅಂವನೂ ಅಂದಾನ. ಮಾತು ಅಲ್ಲೇ ಉದುರಿ ಹೋಗ್ತಾವ. ಗಂಗಾಳ ಬಿಟ್ಟು ಎದ್ದಿರಲ್ಲ, ಅದಕ್ಕ. ಅವ್ವ ನೀಡಿದ ಗಂಗಾಳ."

"ಅವರು ಎದ್ದರು..."

"ಒಂದಲ್ಲ, ಎರಡು," ಎಂದ ಜಗದೇವಪ್ಪ. "ನಿಂದೂ ಇತ್ತು. ನೀ ರೊಟ್ಟಿ ಮುರದು ಭಜ್ಜಿಯಾಗ ಅದ್ದಿ ಇಟ್ಟಿದ್ದಿ. ಹಂಗೇ ಇತ್ತು. ನೀವು ಹೋದ ಮ್ಯಾಲ ನಾ ಅದನ್ನ ದನಕ್ಕ ಹಾಕಾಕ ಹೋದ್ರ ಅವ್ವ ಬಿಡಲಿಲ್ಲ. ಸಿಟ್ಟ ಇಳದ ಮ್ಯಾಲ ಬರ್ತಾರ, ಹಸದಿರ್ತಾರ ಅಂತ ಎರಡೂ ಗಂಗಾಳ ಬುಟ್ಟಿ ಕೆಳಗ ಮುಚ್ಚಿ ಇಟ್ಳು. ಹೊತ್ತು ಮುಳುಗೋತನ ಹಾದಿ ನೋಡ್ಕೋತ ಕುಂತ್ಳು. ಮಂದಿ ಎಲ್ಲಾ ಮನಿಗಿ ಹೋದ್ರು. ಆಕಿ ಏಳಲಿಲ್ಲ. ಕಡೀಗೆ ನಾನೇ ಎತ್ತಿ ಕರ್ಕೊಂಡ ಬಂದೆ. ಆಕಿ ಅವತ್ತ ಉಂಡಿಲ್ಲ."

ಐದು ವರ್ಷ ವಿದ್ಯಾವತಿ ಅದನ್ನು ಇಬ್ಬರು ಗಂಡಸರ ಜಗಳ ಎಂದುಕೊಂಡಿದ್ದಳು. ತಾನು ಮಧ್ಯದವಳು, ಪ್ರಶ್ನೆ ಕೇಳುವವಳು, ಯಾವ ನಂಬರಿಗೂ ಸೇರದವಳು ಎಂದುಕೊಂಡಿದ್ದಳು. ಮುರಿದ ರೊಟ್ಟಿಯನ್ನು ತಾನೇ ಬಿಟ್ಟು ಎದ್ದದ್ದು ಒಮ್ಮೆಯೂ ನೆನಪಾಗಿರಲಿಲ್ಲ. ಆಕೆ ಅತ್ತಳು. ಸದ್ದು ಮಾಡಿಯೇ ಅತ್ತಳು. ಶಿವಕಾಂತಮ್ಮ ಹೊರಗೆ ಬಂದು ಆಕೆಯ ಬೆನ್ನ ಮೇಲೆ ಹಿಟ್ಟಿನ ಕೈ ಇಟ್ಟಳು. ಜಗದೇವಪ್ಪ ಚೀಲದ ಬಾಯಿ ಪೂರ್ತಿ ಹೊಲಿದು ಮುಗಿಸಿ, ಹೊಲಿದದ್ದು ಸರಿಯಾಗಿದ್ದರೂ ಬಿಚ್ಚಿ ಮತ್ತೊಮ್ಮೆ ಹೊಲಿದ.

ಕೊನೆಗೆ ಆಕೆ ಕಣ್ಣೊರೆಸಿಕೊಂಡು ಟ್ಯಾಬು ನೋಡಿದಳು. ಒಂದು ಸಾಲು ಉಳಿದಿತ್ತು. ಓದದಿದ್ದರೆ ಅದು ಮುಚ್ಚಿಕೊಳ್ಳುವುದಿಲ್ಲ.

"ತಮ್ಮ ಅಮೂಲ್ಯ ಸಮಯ ನೀಡಿದ್ದಕ್ಕಾಗಿ ಧನ್ಯವಾದಗಳು," ಎಂದು ಓದಿದಳು.

"ಹೋಗಿ ಬಾ," ಎಂದ ಜಗದೇವಪ್ಪ. ಎಳ್ಳಮಾಸಿಗೆ ಬಾ ಎನ್ನಲಿಲ್ಲ. ಆಕೆಯೂ ಕೇಳಲಿಲ್ಲ.

ಮರುದಿನ ಯಶವಂತನ ಫೋನು ಬಂತು.

"ಮೇಡಂ, ಆ ಇಪ್ಪತ್ತನೇ ಮನೆ ಆಡಿಯೋ ಕೇಳಿದೆ. ನಾಲ್ಕು ನಿಮಿಷ ಯಾರೂ ಮಾತಾಡಿಲ್ಲ. ಆಮೇಲೆ ಯಾರೋ ಅಳ್ತಿದ್ದಾರೆ. ಯಾರದು ಅಳು?"

"ನಂದೇ ರೀ ಸರ್."

ಯಶವಂತ ಕೆಟ್ಟ ಹುಡುಗನಲ್ಲ. "ಉತ್ತರ ಹೇಳೋರು ಅತ್ತರೆ ಹಾಕೋಕೆ ಒಂದು ಕೋಡ್ ಇದೆ ಮೇಡಂ. ಕೇಳೋರು ಅತ್ತರೆ ಇಲ್ಲ. ಆ ಮನೆ ರದ್ದು ಮಾಡ್ಬೇಕಾಗುತ್ತೆ. ನಿಮ್ಮನ್ನೂ ಈ ಸರ್ವೆಯಿಂದ ತೆಗೀಬೇಕು. ಸಂಬಂಧಿಕರು ಇಲ್ಲ ಅಂದಿದ್ರಲ್ಲ."

"ಐದ ವರ್ಷದಿಂದ ಇರಲಿಲ್ರಿ," ಎಂದಳು ವಿದ್ಯಾವತಿ. ಅದರಲ್ಲಿ ಸುಳ್ಳು ಏನೂ ಇರಲಿಲ್ಲ.

ಹೀಗೆ ಜಗದೇವಪ್ಪನ ಅಭಿಪ್ರಾಯ ದೇಶದ ಅಭಿಪ್ರಾಯದಿಂದ ಹೊರಗೆ ಬಿತ್ತು. ದೇಶಕ್ಕೆ ಅದರಿಂದ ಏನೂ ಆಗಲಿಲ್ಲ.

ಅಂದು ಸಂಜೆ ಗಂಡ ಉಣ್ಣಲು ಕುಳಿತಾಗ ವಿದ್ಯಾವತಿ ಬುಟ್ಟಿಯ ಕೆಳಗಿನ ಎರಡು ಗಂಗಾಳದ ಮಾತು ಹೇಳಿದಳು. ಬೈದು ಹೇಳಲಿಲ್ಲ, ಅತ್ತು ಹೇಳಲಿಲ್ಲ, ಪ್ರಶ್ನಾವಳಿ ಓದಿದ ಹಾಗೆ ಒಂದಕ್ಷರ ಬಿಡದೆ ಹೇಳಿದಳು. ವಿವೇಕಾನಂದ ಕೇಳಿದ. ಅನ್ನ ಕಲಸಿದ ಕೈ ಹಾಗೇ ಒಣಗಿತು. ಆಮೇಲೆ ತಾಟಿನಲ್ಲಿದ್ದುದನ್ನು ಒಂದು ಅಗುಳು ಬಿಡದೆ ಉಂಡು ಎದ್ದು ಹೋದ. ಅವತ್ತಿನಿಂದ ಎಳ್ಳಮಾಸಿಯವರೆಗೆ ಆ ಮನೆಯ ಟಿ.ವಿ.ಯಲ್ಲಿ ಯಾವ ನಾಯಕರೂ ಮಾತಾಡಲಿಲ್ಲ.

ಎಳ್ಳಮಾಸಿಯ ದಿನ ಬೆಳಿಗ್ಗೆ ಆಕೆ ಭಜ್ಜಿಗೆ ಸೊಪ್ಪು ಸೋಸುತ್ತಿದ್ದಾಗ ವಿವೇಕಾನಂದ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಗೆ ಬಂದ.

"ಭಜ್ಜಿ ಇಡಬ್ಯಾಡ," ಎಂದ. "ಬೀದರಿಗಿ ಹೋಗಿ ಸೃಷ್ಟೀನ ನೋಡ್ಕೊಂಡ ಬರೋಣ."

ಸೃಷ್ಟಿ ಅವರ ಮಗಳು, ಬೀದರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಆಕೆ ಹಬ್ಬಕ್ಕೆ ಗೆಳತಿಯ ಊರಿಗೆ ಹೋಗುತ್ತೇನೆಂದು ಹಿಂದಿನ ದಿನವಷ್ಟೇ ಅಪ್ಪನಿಗೇ ಫೋನು ಮಾಡಿ ಹೇಳಿದ್ದಳು. ನೂರು ಕಿಲೋಮೀಟರಿಗೂ ಮೇಲಿನ ದಾರಿಯನ್ನು ಬಿ.ಪಿ. ಇದ್ದ ಮನುಷ್ಯ ಮೋಟಾರ್ ಸೈಕಲ್ಲಿನ ಮೇಲೆ ಹೋಗುತ್ತೇನೆನ್ನುತ್ತಿದ್ದ, ಅಲ್ಲಿ ಇಲ್ಲದ ಮಗಳನ್ನು ನೋಡಲು. ವಿದ್ಯಾವತಿ ಒಂದೂ ಪ್ರಶ್ನೆ ಕೇಳಲಿಲ್ಲ. ಬೀದರಿಗೆ ಹೋಗುವ ದಾರಿ ಕಮಲಾಪುರದ ಮೇಲೆಯೇ ಹೋಗುತ್ತದೆ. ಜಗದೇವಪ್ಪನ ಹೊಲ ರಸ್ತೆಗೆ ಹಚ್ಚಿಯೇ ಇದೆ. ಕೈ ತೊಳೆದು, ಅವ್ವ ಕೊಡಿಸಿದ ಇಳಕಲ್ ಸೀರೆ ಉಟ್ಟು ಹಿಂದೆ ಕುಳಿತಳು.

ಹೊಲದ ಎದುರಿಗೆ ಬಂದಾಗ ಗಾಡಿ ನಿಂತಿತು. ನಿಂತದ್ದಲ್ಲ, ವಿವೇಕಾನಂದ ಚಾವಿ ತಿರುಗಿಸಿ ನಿಲ್ಲಿಸಿದ. ಆಕೆ ಭುಜದ ಮೇಲಿಂದ ನೋಡಿದಳು. ಆತ ಇಳಿದು, ಗಾಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಏನೂ ಆಗದ ಚೈನನ್ನು ಬೆರಳಿನಿಂದ ಎತ್ತಿ ಎತ್ತಿ ನೋಡತೊಡಗಿದ. ಬಿಳಿ ಜೋಳದ ಬೆಳೆಯ ಆಚೆ ಬೇವಿನ ಗಿಡ ಕಾಣುತ್ತಿತ್ತು. ಗಿಡದ ಕೆಳಗೆ ಕಂಬಳಿ, ಕಂಬಳಿಯ ಮೇಲೆ ಹತ್ತು ಹನ್ನೆರಡು ಜನ. ಜಗದೇವಪ್ಪ ಎದ್ದು ನಿಂತ. ಹಣೆಗೆ ಕೈ ಅಡ್ಡ ಹಿಡಿದು ರಸ್ತೆ ನೋಡಿದ. ವಿದ್ಯಾವತಿ ಗಾಡಿಯಿಂದ ಇಳಿದು ನಿಂತಳು. ಅಣ್ಣ ಹಾಗೇ ಮತ್ತೆ ಕುಳಿತುಬಿಟ್ಟರೆ ಈ ಜನ್ಮಕ್ಕೆ ಆ ಗಿಡದ ನೆರಳು ಇಲ್ಲ.

"ಏ ಹಾದಿ ಹಿಡದ ಹೊಂಟವ್ರ!" ಜಗದೇವಪ್ಪ ಲಾರಿಯವರನ್ನು ಕೂಗುವ ದನಿಯಲ್ಲೇ ಕೂಗಿದ. "ಬರ್ರಿ, ಉಂಡ ಹೋಗ್ರಿ!"

ವಿವೇಕಾನಂದ ಚೈನು ಬಿಟ್ಟು ತಲೆ ಎತ್ತಿದ.

"ಇಲ್ರಿ, ಬೀದರಿಗಿ ಹೊಂಟೀವಿ. ಹೊತ್ತಾಗ್ತದ."

ಕರೆದರೆ ಒಮ್ಮೆ ಬೇಡ ಎನ್ನುವುದು ಇಲ್ಲಿಯ ರಿವಾಜು. ಗೊತ್ತಿದ್ದೂ ವಿದ್ಯಾವತಿಗೆ ಗಂಡನ ಬೆನ್ನಿಗೆ ಗುದ್ದಬೇಕೆನಿಸಿತು.

"ಬೀದರ ಎಲ್ಲೂ ಓಡಿ ಹೋಗಂಗಿಲ್ಲ!" ಜಗದೇವಪ್ಪ ಕೂಗಿದ. "ಎಳ್ಳಮಾಸಿ ದಿನ ಉಪಾಸ ಹೋಗಬಾರದು. ಆ ಹೆಣ್ಣಮಗಳನ್ನ ಕರ್ಕೊಂಡ ಬರ್ರಿ!"

ಹೋದರು. ಬದುವಿನ ಮೇಲೆ ಹಿಂದೆ ಮುಂದೆ ನಡೆದು ಹೋದರು. ಯಾರೂ ಯಾರ ಕ್ಷಮೆಯನ್ನೂ ಕೇಳಲಿಲ್ಲ. ಶಿವಕಾಂತಮ್ಮ ಎರಡು ಗಂಗಾಳ ತಂದು ಅವರ ಮುಂದೆ ಇಟ್ಟಳು. ಅವೇ ಗಂಗಾಳ, ಒಂದರ ಅಂಚು ಸ್ವಲ್ಪ ನೆಗ್ಗಿತ್ತು. ರೊಟ್ಟಿ, ಭಜ್ಜಿ, ಹೋಳಿಗೆ ನೀಡಿದಳು. ಬುರ್ಹಾನುದ್ದೀನ್ ಪಕ್ಕಕ್ಕೆ ಸರಿದು ಜಾಗ ಕೊಟ್ಟು, "ಆವತ್ತ ನಮ್ಮ ಮನಿ ಬಾಗಿಲಿಗಿ ಬಂದು ಹಂಗೇ ಹೋದಿ ಏನವಾ, ನಾ ಒಳಗೇ ಇದ್ದೆ" ಎಂದ. ವಿದ್ಯಾವತಿ ತಲೆ ಬಗ್ಗಿಸಿ ಉಂಡಳು.

ಎರಡು ರೊಟ್ಟಿ ಆಗುವಷ್ಟರಲ್ಲಿ ಮಾತು ಮತ್ತೆ ಅಲ್ಲಿಗೇ ಬಂತು. ಬರದೇ ಎಲ್ಲಿ ಹೋದೀತು. ಜಗದೇವಪ್ಪ ಒಂದನೇ ನಂಬರಿನವರ ಮೊನ್ನೆಯ ಭಾಷಣದ ಬಗ್ಗೆ ಒಂದು ಮಾತು ಬಿಟ್ಟ. ವಿವೇಕಾನಂದ ಎರಡನೇ ನಂಬರಿನವರ ವಂಶದ ಬಗ್ಗೆ ಒಂದು ಮಾತು ಬಿಟ್ಟ. ದನಿ ಏರಿತು. ವಿವೇಕಾನಂದನ ಮುಖ ಕೆಂಪಾಯಿತು, ಒಂದು ಮೊಣಕಾಲು ಊರಿ ಅರ್ಧ ಎದ್ದ. ಕಂಬಳಿಯ ಮೇಲಿದ್ದವರೆಲ್ಲ ಉಣ್ಣುವುದು ನಿಲ್ಲಿಸಿದರು. ಆತ ಕೆಳಗೆ ನೋಡಿದ. ಗಂಗಾಳದಲ್ಲಿ ಅರ್ಧ ರೊಟ್ಟಿ ಇತ್ತು. ಮೊಣಕಾಲು ಮಡಚಿ ಮತ್ತೆ ಕುಳಿತ.

"ಅಕ್ಕಾರ," ಎಂದ ಶಿವಕಾಂತಮ್ಮನಿಗೆ, "ಜರಾ ಭಜ್ಜಿ ನೀಡ್ರಿ."

"ಏ ವಿದ್ಯಾ," ಎಂದ ಜಗದೇವಪ್ಪ, ಸೋಲಲೂ ಒಲ್ಲದೆ ಬಿಡಲೂ ಒಲ್ಲದೆ. "ನೀ ಹೇಳು. ಇಷ್ಟ ಮಂದಿನ್ನ ಕೇಳೀದಿ. ನಮ್ಮಿಬ್ಬರಾಗ ಯಾರದು ಖರೇ? ನೀ ಯಾರ ಕಡಿ?"

ಎಲ್ಲರೂ ಆಕೆಯತ್ತ ನೋಡಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಯಾರೋ ಕೇಳಿದ್ದರು. ಆಕೆಗೆ ಅಭಿಪ್ರಾಯವೇ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಇತ್ತು, ಗಟ್ಟಿಯಾಗಿಯೇ ಇತ್ತು, ಪ್ರತಿ ಚುನಾವಣೆಯಲ್ಲಿ ಅದರಂತೆಯೇ ಒತ್ತಿ ಬಂದಿದ್ದಳು. ಹೇಳಿದ್ದರೆ ಈ ಸಲ ಇಬ್ಬರೂ ಒಟ್ಟಿಗೇ ಎದ್ದು ಹೋಗುತ್ತಿದ್ದರು.

"ಬಾಯಾಗ ತುತ್ತದ," ಎಂದಳು. "ಮೊದ್ಲು ಉಣ್ರಿ."

ಉಂಡರು. ಇಬ್ಬರೂ ಗಂಗಾಳ ನೆಕ್ಕಿದಂತೆ ಖಾಲಿ ಮಾಡಿದರು. ಕೈ ತೊಳೆಯುವಾಗ ಮತ್ತೆ ನಾಯಕರ ಮಾತು ಶುರುವಾಯಿತು, ಆಕೆಯನ್ನು ಕೇಳಿದ್ದು ಇಬ್ಬರಿಗೂ ಮರೆತುಹೋಗಿತ್ತು. ವಿದ್ಯಾವತಿ ತನ್ನದನ್ನೂ ಗಂಡನದನ್ನೂ ಎತ್ತಿಕೊಂಡಳು. ತೊಳೆಯಲು ನೀರಿನ ಕಡೆ ಹೋಗಲಿಲ್ಲ. ಬೇವಿನ ಗಿಡ ಸುತ್ತಿ ಅವ್ವನ ಸಮಾಧಿಯ ಹತ್ತಿರ ಹೋದಳು. ಯಾರೋ ಆಗಲೇ ಚರಗ ಚೆಲ್ಲಿ, ವಿಭೂತಿ ಹಚ್ಚಿ ಹೋಗಿದ್ದರು. ಎದುರಿಗೆ ಕುಳಿತು ಎರಡೂ ಗಂಗಾಳವನ್ನು ಕಲ್ಲಿಗೆ ಕಾಣುವಂತೆ ಓರೆ ಮಾಡಿ ಹಿಡಿದಳು.

"ನೋಡಬೇ," ಎಂದಳು. "ಏನೂ ಬಿಟ್ಟಿಲ್ಲ."